ಮೂವತ್ತು ಕಾಯಿ, ಎರಡು ಸಸಿ

ನಾಯ್ಮಾರ್ಮೂಲೆಯ ಆ ಮನೆಯ ಎದುರಿಗಿದ್ದ ತೆಂಗಿನ ಮರವನ್ನು ಕಡಿಯುವ ಮುನ್ನಾ ದಿನ ಅದರ ಕಾಯಿಗಳನ್ನು ಹಗ್ಗಕ್ಕೆ ಕಟ್ಟಿ ಇಳಿಸಲಾಯಿತು. ಮರ ಹೇಗೂ ಉರುಳಲಿಕ್ಕಿದೆ, ಗೊನೆಗಳೂ ಅದರ ಜೊತೆಗೆ ಉರುಳಲಿ ಎಂದು ಕಡಿಯಲು ಬಂದವರು ಹೇಳಿದ್ದರು. ಮನೆಯ ಅಜ್ಜ ಒಪ್ಪಲಿಲ್ಲ. ಬೀಜಕ್ಕೆಂದು ಇಟ್ಟ ಕಾಯಿ ಮುರಕಲ್ಲಿನ ನೆಲಕ್ಕೆ ಬಿದ್ದರೆ ಹೊರಗೆ ಏನೂ ಕಾಣಿಸದಿದ್ದರೂ ಒಳಗೆ ಬಿರುಕು ಬಿಟ್ಟಿರುತ್ತದೆ, ಮೊಳಕೆ ಬರುವ ಮೊದಲೇ ನೀರು ಬತ್ತಿಹೋಗುತ್ತದೆ. ಕೂಡ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ನರ್ಸರಿಯಲ್ಲಿ ಮೂರು ದಶಕಗಳಷ್ಟು ಕಾಲ ದುಡಿದು ನಿವೃತ್ತರಾದ ಅವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರವೇರಿದವನಿಗೆ ಆ ದಿನದ ಕೂಲಿಯ ಮೇಲೆ ಇನ್ನರ್ಧ ಕೂಲಿ ಕೊಟ್ಟು, ಬಲಿತ ಗೊನೆಗಳನ್ನು ಒಂದೊಂದಾಗಿ ಇಳಿಸಿಕೊಂಡರು. ಬೀಜಕ್ಕೆ ಯೋಗ್ಯವಾಗಿ ಮಾಗಿದ್ದ ಕಾಯಿಗಳು ಮೂವತ್ತನಾಲ್ಕು. ಮರುದಿನ ಮರ ಉರುಳಿತು.

ರಾಷ್ಟ್ರೀಯ ಹೆದ್ದಾರಿ 66ನ್ನು 45 ಮೀಟರಿಗೆ ಅಗಲಿಸುವ ಕೆಲಸದಲ್ಲಿ ಹದಿನೇಳು ಸೆಂಟ್ಸಿನ ಆ ಹಿತ್ತಿಲು ಒಂಬತ್ತಕ್ಕೆ ಇಳಿದಿತ್ತು. ಪರಿಹಾರದ ಕಾಗದಗಳಲ್ಲಿ ಮರಗಳಿಗೂ ಲೆಕ್ಕವಿರುತ್ತದೆ. 2013ರ ಭೂಸ್ವಾಧೀನ ಕಾಯಿದೆಯ 29ನೆಯ ಕಲಮಿನಂತೆ ಗಿಡಮರಗಳ ಬೆಲೆ ಕಟ್ಟುವಾಗ ಕೃಷಿ, ಅರಣ್ಯ, ತೋಟಗಾರಿಕೆಗಳಲ್ಲಿ ಅನುಭವವುಳ್ಳವರ ನೆರವನ್ನು ಅಧಿಕಾರಿಗಳು ಪಡೆಯಬಹುದು. ಮರದ ವಯಸ್ಸು, ಫಲ, ಇನ್ನೆಷ್ಟು ವರ್ಷ ಬಾಳೀತೆಂಬ ಅಂದಾಜು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಅದು ಎಲ್ಲಿಂದ ಬಂದ ಮರ, ಯಾರು ನೆಟ್ಟದ್ದು ಎಂಬುದಕ್ಕೆ ಆ ಪಟ್ಟಿಯಲ್ಲಿ ಕಲಮು ಇರುವುದಿಲ್ಲ. ಇರಬೇಕೆಂದು ವಾದಿಸುವುದೂ ಕಷ್ಟ. ಈ ಮರವನ್ನು ನೆಟ್ಟವರು ಅಜ್ಜಿ. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಕುಂಬಳೆಯ ಕಡೆಯ ತವರು ಮನೆಯಿಂದ ತಂದ ಸಸಿ ಅದು. ವರ್ಷಕ್ಕೆ ನೂರು ಕಾಯಿಗೆ ಕಡಿಮೆಯಾದದ್ದನ್ನು ಆ ಮನೆಯವರು ಕಂಡದ್ದೇ ಅಪರೂಪ. ಅಜ್ಜಿ ತೀರಿಕೊಂಡು ಆರು ವರ್ಷಗಳಾದ ಮೇಲೆ ರಸ್ತೆಯವರ ಕೆಂಪು ಗುರುತು ಅದರ ಬುಡದ ಮೇಲೆ ಬಿತ್ತು.

ಬೀಜದ ಕಾಯಿಯನ್ನು ಯಾವ ಮರದಿಂದ ತೆಗೆಯಬೇಕು ಎಂಬುದಕ್ಕೆ ಸಂಶೋಧನಾ ಸಂಸ್ಥೆಯವರ ನಿಯಮಗಳು ಖಚಿತವಾಗಿವೆ. ಮರಕ್ಕೆ ಇಪ್ಪತ್ತು ವರ್ಷ ದಾಟಿರಬೇಕು. ಮಳೆಯನ್ನೇ ನಂಬಿದ ತೋಟದಲ್ಲಿಯೂ ವರ್ಷಕ್ಕೆ 80ಕ್ಕೆ ಕಡಿಮೆಯಿಲ್ಲದಂತೆ ಕಾಯಿ ಕೊಡಬೇಕು. ತಲೆಯಲ್ಲಿ ಪೂರ್ಣವಾಗಿ ಅರಳಿದ 30ಕ್ಕಿಂತ ಹೆಚ್ಚು ಮಡಲುಗಳಿರಬೇಕು, ಅವುಗಳ ದಂಟು ಗಿಡ್ಡವಾಗಿ ಬಲವಾಗಿರಬೇಕು, ಗೊನೆಗಳು ಮಡಲಿನ ಮೇಲೆ ಭಾರ ಹಾಕಿ ಕುಳಿತಿರಬೇಕೇ ವಿನಾ ತೂಗಾಡುತ್ತಿರಬಾರದು. ಒಂದು ವರ್ಷ ಹೇರಳವಾಗಿ ಕೊಟ್ಟು ಮರುವರ್ಷ ಕೈಕೊಡುವ ಮರ ಬೇಡ. ತಿರುಳಿಲ್ಲದ ಕಾಯಿ ಬಿಡುವ ಮರವಂತೂ ಬೇಡವೇ ಬೇಡ. ಅಜ್ಜಿಯ ಮರ ಈ ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಗಳಿಗೂ ಸರಿಯುತ್ತರ ಬರೆದಿತ್ತು. ಆದರೆ ತಾಯಿ ತೇರ್ಗಡೆಯಾದ ಮಾತ್ರಕ್ಕೆ ಮಕ್ಕಳೆಲ್ಲ ತೇರ್ಗಡೆಯಾಗುವುದಿಲ್ಲ. ನಮ್ಮ ಕರಾವಳಿಯ ಎತ್ತರದ ತೆಂಗಿನಲ್ಲಿ ಒಂದು ಹೊಂಬಾಳೆಯ ಗಂಡು ಹೂಗಳು ಉದುರಿ ಮುಗಿದ ಮೇಲೆಯೇ ಹೆಣ್ಣು ಹೂ ಸಿದ್ಧವಾಗುವುದು. ಆದ್ದರಿಂದ ಪರಾಗ ಸಾಮಾನ್ಯವಾಗಿ ಬೇರೊಂದು ಮರದಿಂದ ಬರಬೇಕು. ನೆರೆಮನೆಯ ಮರದಿಂದಲೋ ಆಚೆ ತೋಟದಿಂದಲೋ, ಗಾಳಿ ತಂದದ್ದೋ ಜೇನು ತಂದದ್ದೋ, ಯಾರು ಬಲ್ಲರು? ಪ್ರತಿಯೊಂದು ಕಾಯಿಯ ತಾಯಿ ಗೊತ್ತು, ತಂದೆ ಗೊತ್ತಿಲ್ಲ. ಮಾವಿನಂತೆ ಕಸಿ ಕಟ್ಟಿ ತಾಯಿಯನ್ನೇ ಮತ್ತೆ ಪಡೆಯುವ ದಾರಿಯೂ ತೆಂಗಿಗಿಲ್ಲ. ಅದಕ್ಕಿರುವುದು ತುದಿಯಲ್ಲಿ ಒಂದೇ ಒಂದು ಕುಡಿ. ಬೀಜ ಬಿತ್ತಬೇಕು, ಬಂದದ್ದರಲ್ಲಿ ಆರಿಸಬೇಕು.

ಈ ಆರಿಸುವ ಕೆಲಸಕ್ಕೆ ನಮ್ಮ ನೆಲದಲ್ಲಿ ನೂರು ವರ್ಷ ಮೀರಿದ ಇತಿಹಾಸವಿದೆ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಮದರಾಸು ಪ್ರಾಂತ್ಯದ ಆಡಳಿತದಲ್ಲಿದ್ದ ಕಾಲದಲ್ಲಿ, 1916ರಲ್ಲಿ, ಇಲ್ಲಿ ತೆಂಗು ಸಂಶೋಧನಾ ಕೇಂದ್ರ ಆರಂಭವಾಯಿತು. ಪಿಲಿಕ್ಕೋಡು, ನೀಲೇಶ್ವರಗಳಲ್ಲಿಯೂ ಆಗಲೇ ಕೇಂದ್ರಗಳು ತಲೆಯೆತ್ತಿದವು. ಜೆ. ಎಸ್. ಪಟೇಲರು ಎತ್ತರದ ತಳಿಯನ್ನೂ ಗಿಡ್ಡ ತಳಿಯನ್ನೂ ಕೂಡಿಸಿ ಪಡೆದ ಸಸಿಗಳಲ್ಲಿ ಮಿಶ್ರತಳಿಯ ಬಲವನ್ನು ಕಂಡು 1937ರಲ್ಲಿ ಜಗತ್ತಿಗೆ ಸಾರಿದ್ದು ನೀಲೇಶ್ವರದ ಪ್ರಯೋಗದಿಂದ. ಆಮೇಲೆ 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. 1970ರಲ್ಲಿ ಕೇಂದ್ರವು ಈಗಿನ ಹೆಸರಿನ ದೊಡ್ಡ ಸಂಸ್ಥೆಯಾಯಿತು. 1984ರ ಮೇ 24ರಂದು ಕಾಸರಗೋಡು ತಾನೇ ಒಂದು ಜಿಲ್ಲೆಯಾಯಿತು. ಇಷ್ಟರ ನಡುವೆ ಕೂಡ್ಲಿನ ನರ್ಸರಿಯ ಮಡಿಗಳಲ್ಲಿ ಪ್ರತಿ ಮಳೆಗಾಲವೂ ಕಾಯಿಗಳು ಮೊಳೆಯುತ್ತಲೇ ಇದ್ದವು.

ಇನ್ನು ಆ ಮನೆಯ ಮಡಿಗೆ ಬರೋಣ. ಮೂವತ್ತನಾಲ್ಕು ಕಾಯಿಗಳನ್ನು ಸುಮಾರು ಏಳು ವಾರ ನೆರಳಿನಲ್ಲಿ ಮರಳಿನಡಿ ಇಟ್ಟು, ಪತ್ತನಾಜೆ ಕಳೆದ ಮರುದಿನ ಅಜ್ಜ ಒಂದೊಂದನ್ನೂ ಕಿವಿಯ ಬಳಿ ಹಿಡಿದು ಕುಲುಕಿದರು. ನಾಲ್ಕರಲ್ಲಿ ನೀರಿನ ಸದ್ದು ಕೇಳಿಸಲಿಲ್ಲ. ಅವನ್ನು ಬದಿಗೆ ಸರಿಸಿದರು. ಉಳಿದ ಮೂವತ್ತನ್ನು ಹಿತ್ತಿಲ ಮೂಡುಬದಿಯಲ್ಲಿ ಚಡಿ ತೋಡಿ ಸಾಲಾಗಿ ಹೂತರು. ಏಳನೆಯ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದ ಮೊಮ್ಮಗಳು ಅಡಿಕೆ ಸಲಾಕೆಗಳ ಮೇಲೆ ಒಂದರಿಂದ ಮೂವತ್ತರವರೆಗೆ ಕನ್ನಡ ಅಂಕಿಗಳನ್ನು ಬರೆದು ಪ್ರತಿಯೊಂದರ ಪಕ್ಕಕ್ಕೂ ನೆಟ್ಟಳು. ಒಂದು ಹಳೆಯ ನೋಟುಪುಸ್ತಕದಲ್ಲಿ ಗೆರೆ ಎಳೆದಳು. ಕೊನೆಯ ಗೆರೆಯ ಮೇಲೆ ಅವಳು ಬರೆದ ತಲೆಬರಹ 'ತೀರ್ಪು'. ಆ ಮಾತು ಅವಳಿಗೆ ಎಲ್ಲಿಂದ ಬಂತೋ. ಜಿಲ್ಲಾ ನ್ಯಾಯಾಲಯ ಇರುವ ವಿದ್ಯಾನಗರ ಅವರ ಮನೆಯಿಂದ ದೂರವೇನಲ್ಲ.

ಆ ಪುಸ್ತಕದಲ್ಲಿ ಇನ್ನೊಂದು ವಿಶೇಷವಿತ್ತು. ಅಜ್ಜನ ಬಾಯಲ್ಲಿ ಸಂಸ್ಥೆಯ ಮಾತುಗಳೇ ಬರುತ್ತಿದ್ದವು. ಸಸಿಯ ಬುಡ ಕಾಯಿಯಿಂದ ಹೊರಬರುವಲ್ಲಿನ ದಪ್ಪಕ್ಕೆ ಅವರು 'ಕಾಲರ್ ಗರ್ತ್' ಎನ್ನುತ್ತಿದ್ದರು. ಹುಡುಗಿ ಅದನ್ನು 'ಕತ್ತಿನ ಸುತ್ತಳತೆ' ಎಂದು ಬರೆದುಕೊಂಡಳು. ಮೂವತ್ತು ವರ್ಷ ದಿನವೂ ಅಳೆದ ವಸ್ತುವಿಗೆ ತನ್ನ ಭಾಷೆಯಲ್ಲಿ ಹೆಸರಿಟ್ಟಿರಲಿಲ್ಲವಲ್ಲ ಎಂದು ಅಜ್ಜ ಆಮೇಲೆ ನೆರೆಯವರೊಡನೆ ಹೇಳಿ ನಕ್ಕರಂತೆ. ಮರುದಿನದಿಂದ ಅವರೂ ಕತ್ತು ಎನ್ನತೊಡಗಿದರು.

ಬಿತ್ತಿದ ಅರವತ್ತಮೂರನೆಯ ದಿನ, ಆಟಿ ತಿಂಗಳ ಜಡಿಮಳೆಯಲ್ಲಿ, ಹನ್ನೊಂದನೆಯ ಕಾಯಿ ಸಿಪ್ಪೆ ಸೀಳಿ ಮೊಳಕೆ ತೋರಿಸಿತು. ಅದರ ಬೆನ್ನಿಗೆ ಎರಡು, ಇಪ್ಪತ್ತಮೂರು. ಆಟಿ ಅಮಾವಾಸ್ಯೆಯ ದಿನ ಐದನೆಯದು. ಅಜ್ಜಿಯ ತಿಥಿ ಬೀಳುವುದು ಆ ದಿನವೇ. ಮನೆಯವರೆಲ್ಲ ಬೆಳಿಗ್ಗೆ ಹಾಲೆಮರದ ತೊಗಟೆಯ ಕಷಾಯ ಕುಡಿದು ಮುಗಿಸುವ ಹೊತ್ತಿಗೆ ಹುಡುಗಿ ಓಡಿ ಬಂದು ಸುದ್ದಿ ಹೇಳಿದಳು. ಅಜ್ಜ ಮಡಿಯ ಬಳಿಗೆ ಹೋಗಿ ಬಹಳ ಹೊತ್ತು ಅಲ್ಲಿಯೇ ಇದ್ದರು. ಆ ದಿನದಿಂದ ಐದನೆಯ ಸಂಖ್ಯೆಯ ಬುಡಕ್ಕೆ ಬೀಳುವ ಬೂದಿ ಉಳಿದವುಗಳಿಗಿಂತ ಒಂದು ಹಿಡಿ ಹೆಚ್ಚಾಗಿರುತ್ತಿತ್ತು ಎಂದು ಸೊಸೆ ಹೇಳುವುದುಂಟು.

ಐದು ತಿಂಗಳ ಒಳಗೆ ಮೊಳೆಯದ ಕಾಯಿಯನ್ನು ಕಿತ್ತು ತೆಗೆಯಬೇಕೆಂಬುದು ನರ್ಸರಿಯ ನಿಯಮ. ಅಕ್ಟೋಬರದ ಕೊನೆಯ ವಾರದಲ್ಲಿ ಆ ಗಡುವು ಸಮೀಪಿಸಿದಾಗ ಏಳು ಕಾಯಿಗಳು ಇನ್ನೂ ಮೌನವಾಗಿದ್ದವು. ನೂರ ನಲವತ್ತೊಂಬತ್ತನೆಯ ದಿನ, ಅಂದರೆ ಗಡುವಿಗೆ ನಾಲ್ಕೇ ದಿನ ಉಳಿದಿರುವಾಗ, ಹದಿನೇಳನೆಯದು ಬೆರಳ ತುದಿಯಷ್ಟು ಬಿಳಿಯ ಮೊಳಕೆಯನ್ನು ಹೊರಚಾಚಿತು. ಉಳಿದ ಆರನ್ನು ಅಜ್ಜ ಕಿತ್ತು ಹುಡುಗಿಯ ಎದುರಿಗೇ ಒಡೆದರು. ನಾಲ್ಕು ಕೊಳೆತಿದ್ದವು. ಒಂದು ಬತ್ತಿತ್ತು. ಆರನೆಯದರ ಸಿಪ್ಪೆಯೊಳಗೆ ಗಟ್ಟಿಮುಟ್ಟಾದ ಮೊಳಕೆಯೊಂದು ದಪ್ಪ ನಾರನ್ನು ಭೇದಿಸಲಾಗದೆ ಬಾಗಿ ಬಳಸಿ ಬೆಳೆಯುತ್ತಿತ್ತು. ಅದು ಸತ್ತಿರಲಿಲ್ಲ. ಹುಡುಗಿ ಆ ದಿನ ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಆ ದಿನಗಳಲ್ಲಿಯೇ ಮಡಿಗೆ ಕಟ್ಟಿದ ಸೋಗೆಯ ಚಪ್ಪರದ ಮೇಲೆ ಒಂದು ಗೋಸುಂಬೆ ಕಾಣಿಸಿಕೊಂಡಿತು. ರಜೆಗೆ ಬಂದಿದ್ದ ಅತ್ತೆಯ ಮಗ ಅದನ್ನು ಪೆಟ್ಟಿಗೆಯಲ್ಲಿ ಸಾಕಿ ಮೊಟ್ಟೆ ಇಡಿಸಿ, ಮರಿಗಳಲ್ಲಿ ಚೆಂದದ ಬಣ್ಣದವನ್ನು ಇಟ್ಟುಕೊಳ್ಳೋಣ ಎಂದ. ದೂರದ ದೇಶಗಳಲ್ಲಿ ಹಾಗೆ ಮಾಡುವವರಿದ್ದಾರೆ ಎಂಬುದನ್ನು ಅವನು ಫೋನಿನಲ್ಲಿ ನೋಡಿದ್ದ. ಇಲ್ಲಿ ಅದು ಸಾಧ್ಯವಿಲ್ಲ. ನಮ್ಮ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ, ಹಿಡಿಯುವುದೇ ಅಪರಾಧ. ಮಕ್ಕಳು ತಿಳಿದಿರಲಿ ಎಂದು ಇದನ್ನು ಇಲ್ಲಿ ಬರೆದದ್ದು. ಅದು ನೆಲ ಕೆದಕಿ ಒಂದೆರಡು ಡಜನು ಮೊಟ್ಟೆಗಳನ್ನಿಟ್ಟು ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಯಾವ ಮರಿ ಉಳಿಯಬೇಕು ಎಂದು ತಾಯಿ ತಿರುಗಿ ನೋಡುವುದಿಲ್ಲ. ಆ ಕೆಲಸವನ್ನು ಕಾಗೆಯೂ ಹಾವೂ ಮಳೆಯೂ ಮಾಡುತ್ತವೆ. ಕುಳಿತ ಕೊಂಬೆಯನ್ನು ಹೋಲಲೆಂದೇ ಅದು ಬಣ್ಣ ಬದಲಿಸುತ್ತದೆ ಎಂಬ ನಮ್ಮ ನಂಬಿಕೆಯೂ ಪೂರ್ತಿ ಸರಿಯಲ್ಲ. ಸಿಟ್ಟು, ಹೆದರಿಕೆ, ಬಿಸಿಲು, ಚಳಿ, ಇವುಗಳಿಗೆ ತಕ್ಕಂತೆ ಅದರ ಮೈ ಬಣ್ಣ ತಿರುಗುತ್ತದೆ. ಅದನ್ನು ಅದರ ಪಾಡಿಗೆ ಬಿಡಲಾಯಿತು.

ಬಣ್ಣ ನೋಡಿ ಆರಿಸುವುದು ತೆಂಗಿನಲ್ಲಿಯೂ ಉಂಟು, ಆದರೆ ಎಲ್ಲ ತೆಂಗಿನಲ್ಲಿ ಅಲ್ಲ. ಸೊಸೆಯ ಮಾತಿನಿಂದ ಈ ವಿಷಯ ಮನೆಯಲ್ಲಿ ಚರ್ಚೆಗೆ ಬಂತು.

"ಮಾವ, ಮೂರು ಗುಂಡಿಗೆ ಮಾತ್ರ ಜಾಗ ಇರುವುದು. ಮೂರೂ ಎತ್ತರದ ಮರವೇ ಆದರೆ ಮುಂದೆ ಹತ್ತುವವರು ಯಾರು? ಒಂದಾದರೂ ಗಿಡ್ಡದ್ದು ಇರಲಿ" ಎಂದರು ಸೊಸೆ.

ಮಾತು ನ್ಯಾಯವಾದದ್ದೇ. ಒಂಬತ್ತು ಸೆಂಟ್ಸಿನಲ್ಲಿ ಮನೆ, ಬಾವಿ, ಅಂಗಳ ಕಳೆದು, ಮರದಿಂದ ಮರಕ್ಕೆ ಏಳೂವರೆ ಮೀಟರು ಬಿಟ್ಟರೆ ಮೂರನೆಯ ಗುಂಡಿಗೇ ಪ್ರಯಾಸ. ಮರವೇರುವವರು ಸಿಕ್ಕುವುದು ಎಷ್ಟು ಕಷ್ಟವಾಗಿದೆಯೆಂದರೆ, ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದ ಸಹಾಯದಿಂದ ಮರವೇರುವ ತರಬೇತಿಯನ್ನೇ ಕೊಡಬೇಕಾಗಿ ಬಂತು. ಅಡುಗೆಮನೆಯ ಹೊಣೆ ಹೊತ್ತವರು ಕೇಳುವ ಪ್ರಶ್ನೆಗೆ ವಂಶದ ಅಭಿಮಾನ ಉತ್ತರವಾಗಲಾರದು. ಅಜ್ಜ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಒಪ್ಪಿದರು. ಒಂದೇ ತಾಯಿಯ ಮಕ್ಕಳನ್ನೇ ಎಲ್ಲ ಗುಂಡಿಗಳಲ್ಲಿ ನೆಡುವುದು ಜಾಣತನವಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಹೀಗೆ ಮೂರನೆಯ ಗುಂಡಿ ಹೊರಗಿನ ಸಸಿಗೆ ಮೀಸಲಾಯಿತು. ಅಜ್ಜಿಯ ಮರದ ಸಂತಾನಕ್ಕೆ ಉಳಿದದ್ದು ಎರಡೇ ಸ್ಥಾನ.

ಹೊರಗಿನ ಸಸಿಗಾಗಿ ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಕೂಡ್ಲಿಗೆ ಹೋದರು. ಅಲ್ಲಿ 1985ರಲ್ಲಿ ಬಿಡುಗಡೆಯಾದ ಚಂದ್ರಸಂಕರ ಎಂಬ ಮಿಶ್ರತಳಿಯಿದೆ. ಅದರ ತಾಯಿ ಚಾವಕ್ಕಾಡಿನ ಕಿತ್ತಳೆ ಬಣ್ಣದ ಗಿಡ್ಡ ತಳಿ, ನಾವು ಗೆಂದಾಳಿ ಎನ್ನುವ ಬೊಂಡದ ಜಾತಿ; ತಂದೆ ನಮ್ಮ ಕರಾವಳಿಯ ಎತ್ತರದ ಮರ. ಗೆಂದಾಳಿಗೆ ತನ್ನ ಹೂವಿನ ಪರಾಗವೇ ತಗಲುವ ಅಭ್ಯಾಸ ಹೆಚ್ಚು. ಎಷ್ಟು ಜಾಗ್ರತೆಯಿಂದ ಗಂಡು ಹೂ ಚಿವುಟಿದರೂ ಕೆಲವು ಕಾಯಿಗಳು ಬರಿಯ ಗೆಂದಾಳಿಯಾಗಿಯೇ ಹುಟ್ಟಬಹುದು. ಅವನ್ನು ಬೇರೆ ಮಾಡುವುದು ಹೇಗೆ? ಎಳೆಯ ಸಸಿಯ ದಂಟಿನ ಬಣ್ಣದಿಂದ. ದಂಟು ಕಿತ್ತಳೆ ಬಣ್ಣದ್ದಾದರೆ ಅದು ತಾಯಿಯ ನಕಲು, ಅಪ್ಪಟ ಗಿಡ್ಡ. ಕಂದು ಅಥವಾ ಹಸುರು ಬೆರೆತ ಕಂದು ಬಣ್ಣವಾದರೆ ಎತ್ತರದ ತಂದೆಯ ಪಾಲು ಸೇರಿದೆ, ಅದು ಮಿಶ್ರತಳಿ. ನೋಡಲು ಮುದ್ದಾಗಿರುವುದು ಕಿತ್ತಳೆ ಬಣ್ಣದ್ದೇ. ಹೊಸಬರು ಅದನ್ನೇ ಕೈಗೆತ್ತಿಕೊಳ್ಳುತ್ತಾರೆ; ಹುಡುಗಿಯೂ ಅದನ್ನೇ ತೋರಿಸಿದಳು. ಅಜ್ಜ ಮಂಕು ಕಂದು ದಂಟಿನ ಸಸಿಯನ್ನು ಆರಿಸಿದರು. ಗೋಸುಂಬೆಯ ಬಣ್ಣದ ಹಾಗೆ ಇದು ಬಿಸಿಲಿಗೂ ಭಯಕ್ಕೂ ಬದಲಾಗುವುದಲ್ಲ.

ಹಾಗಾದರೆ ಮನೆಯ ಸಸಿಗಳ ತಂದೆಯನ್ನೂ ದಂಟು ನೋಡಿ ಹೇಳಬಹುದಲ್ಲ ಎಂದು ಹುಡುಗಿ ದಾರಿಯಲ್ಲಿ ಕೇಳಿದಳು. ಸಾಧ್ಯವಿಲ್ಲ. ಕಿತ್ತಳೆ ಬಣ್ಣ ಇನ್ನೊಂದರ ಕೆಳಗೆ ಅಡಗಿಹೋಗುವ ಬಣ್ಣ. ತಾಯಿ ಕಿತ್ತಳೆಯಾಗಿದ್ದರೆ ಮಗುವಿನ ಕಂದು ಬಣ್ಣ ತಂದೆಯ ಸಾಕ್ಷಿ ನುಡಿಯುತ್ತದೆ. ತಾಯಿಯೇ ಎತ್ತರದ ಹಸುರು ಕಂದಿನ ಮರವಾದಾಗ ಬಣ್ಣ ಬಾಯಿ ಬಿಡುವುದಿಲ್ಲ. ಆಗ ಉಳಿಯುವುದು ಅಳತೆಯ ಟೇಪು ಮತ್ತು ದಿನಗಳ ಲೆಕ್ಕ.

ಗುಂಡಿಗಳ ಕೆಲಸವನ್ನು ಚಳಿಗಾಲದಲ್ಲಿಯೇ ಮುಗಿಸಿದ್ದರು. ಮುರಕಲ್ಲಿನ ನೆಲವಾದ್ದರಿಂದ ನಾಲ್ಕಡಿ ಉದ್ದಗಲ ಆಳದ ಗುಂಡಿ ತೋಡಿ, ಕಲ್ಲು ಮೆದುವಾಗಲೆಂದು ಗುಂಡಿಗೆ ಎರಡು ಕಿಲೋ ಉಪ್ಪು ಹಾಕಿ ಬಿಟ್ಟಿದ್ದರು. ತಳಕ್ಕೆ ಹಾಸಲು ತೆಂಗಿನ ಸಿಪ್ಪೆ ಬೇಕು. ಅದು ಬೇಕಾದಷ್ಟಿತ್ತು, ಎಲ್ಲ ಅಜ್ಜಿಯ ಮರದ್ದೇ.

ಮರುವರ್ಷದ ಮೇ ತಿಂಗಳ ಕೊನೆಗೆ ಆಯ್ಕೆಯ ದಿನ ಬಂತು. ಮೊಳೆತ ಇಪ್ಪತ್ತನಾಲ್ಕರಲ್ಲಿ ಎರಡನ್ನು ಒರಲೆ ತಿಂದಿತ್ತು. ಇಪ್ಪತ್ತೆರಡು ಸಸಿಗಳು. ನಿಯಮ ಹೀಗಿದೆ: ಬೇಗ ಮೊಳೆತಿರಬೇಕು, ಕತ್ತಿನ ಸುತ್ತಳತೆ 10 ರಿಂದ 12 ಸೆಂಟಿಮೀಟರು ಇರಬೇಕು, ಹತ್ತು ಹನ್ನೆರಡು ತಿಂಗಳ ಸಸಿಗೆ ಆರರಿಂದ ಎಂಟು ಎಲೆಗಳಿರಬೇಕು, ಎಲೆ ಬೇಗನೆ ಗರಿಗರಿಯಾಗಿ ಸೀಳಿರಬೇಕು. ಎತ್ತರ ಎಂಬುದು ಈ ಪಟ್ಟಿಯಲ್ಲಿ ಮುಖ್ಯವೇ ಅಲ್ಲ ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ. ನೆರಳಿನಲ್ಲಿ ಬೆಳೆದ ಸಸಿ ಬೆಳಕಿಗಾಗಿ ಕೈ ಚಾಚಿ ಉದ್ದವಾಗುತ್ತದೆ, ಕತ್ತು ಮಾತ್ರ ಸಪೂರವಾಗಿಯೇ ಉಳಿಯುತ್ತದೆ. ಸಂತೆಯಲ್ಲಿ ಮೊದಲು ಖರ್ಚಾಗುವುದು ಅಂಥ ಸಸಿಯೇ.

ಒಂದು ವರ್ಷದ ಕೂಸನ್ನು ನೋಡಿ ಅರವತ್ತು ವರ್ಷದ ಬಾಳನ್ನು ಊಹಿಸುವ ಕೆಲಸ ಇದು. ಎತ್ತರದ ತೆಂಗು ಮೊದಲ ಹೊಂಬಾಳೆ ಬಿಡಲು ಐದರಿಂದ ಏಳು ವರ್ಷ ಬೇಕು. ಅಲ್ಲಿಯವರೆಗೆ ತಪ್ಪು ಮಾಡಿದ್ದೇ ಗೊತ್ತಾಗುವುದಿಲ್ಲ. ಗೊತ್ತಾದ ಮೇಲೆ ಕಡಿಯಲು ಮನಸ್ಸು ಬರುವುದಿಲ್ಲ. ಎಪ್ಪತ್ತೆಂಟು ದಾಟಿದ ಅಜ್ಜನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ. ಆರಿಸುವವರು ಅವರು, ಆರಿಸಿದ್ದರ ಫಲಾಫಲ ನೋಡುವವರು ಬೇರೆಯವರು.

ಹುಡುಗಿ ಟೇಪು ಸುತ್ತಿದಳು, ಅಜ್ಜ ಎಲೆ ಎಣಿಸಿದರು. ಹನ್ನೊಂದು: ಕತ್ತು ಹನ್ನೆರಡು ಸೆಂಟಿಮೀಟರು, ಎಂಟು ಎಲೆ, ಮೂರು ಸೀಳಿವೆ. ಎರಡು: ಹನ್ನೊಂದೂವರೆ. ಇಪ್ಪತ್ತಮೂರು: ಹನ್ನೆರಡೂಕಾಲು. ಸರಸರನೆ ಕೆಲಸ ಸಾಗಿತು, ಐದನೆಯದರ ತನಕ. ಅದು ಮಡಿಯ ತುದಿಯಲ್ಲಿ ಹಲಸಿನ ಮರದ ನೆರಳಿಗೆ ಸಿಕ್ಕಿತ್ತು. ಎಲ್ಲಕ್ಕಿಂತ ಎತ್ತರವಾಗಿ, ಉದ್ದ ದಂಟಿನ ಹಸುರು ಎಲೆಗಳನ್ನು ಬೀಸುತ್ತ ನಿಂತಿತ್ತು. ದೂರದಿಂದ ನೋಡಿದವರು ಅದನ್ನೇ ಮೆಚ್ಚಬೇಕು. ಹುಡುಗಿ ಟೇಪು ಸುತ್ತಿ, "ಎಂಟೂವರೆ" ಎಂದಳು.

"ಇನ್ನೊಮ್ಮೆ ನೋಡು."

ಇನ್ನೊಮ್ಮೆ ನೋಡಿದಳು. ಎಂಟೂವರೆಯೇ. ಅಜ್ಜ ತಾವೇ ಟೇಪು ತೆಗೆದುಕೊಂಡು ಬಾಗಿ ಸುತ್ತಿದರು. ಒಂದು ಎಲೆಯೂ ಸೀಳಿರಲಿಲ್ಲ. ಮೂವತ್ತು ವರ್ಷಗಳಲ್ಲಿ ಅಂಥ ಸಾವಿರಾರು ಸಸಿಗಳನ್ನು ಅವರು ಒಂದೇ ನೋಟಕ್ಕೆ ಬದಿಗೆ ಸರಿಸಿದ್ದರು. ಈ ಸಸಿಯ ಮುಂದೆ ಮಾತ್ರ ಅವರ ಕೈ ನಿಂತಿತು. ನರ್ಸರಿಯಲ್ಲಿ ಬೀಜದ ಕಾಯಿಗೆ ಹುಟ್ಟಿದ ತಿಥಿ ಇರುವುದಿಲ್ಲ; ಅಲ್ಲಿ ಅವು ಸಾಲು, ಸಂಖ್ಯೆ, ಅಷ್ಟೇ. ಕಡೆಗೆ ಅವರು, "ಮಡಿ ಹಾಕಿದವನ ತಪ್ಪು. ಹಲಸಿನ ಬುಡದಲ್ಲಿ ಹಾಕಬಾರದಿತ್ತು. ಬರಿ, ಬೇಡ ಅಂತ ಬರಿ" ಎಂದು ಮುಂದಿನ ಸಸಿಗೆ ಸರಿದರು. ಹುಡುಗಿ 'ಬೇಡ' ಎಂದು ಬರೆಯದೆ ಒಂದು ಗೆರೆ ಮಾತ್ರ ಎಳೆದಳು. ಪುಸ್ತಕದಲ್ಲಿ ಅದು ಈಗಲೂ ಹಾಗೆಯೇ ಇದೆ.

ಜಗಳವಾದದ್ದು ಹದಿನೇಳನೆಯದರ ಬಳಿ. ಕತ್ತು ಏಳೂವರೆ, ನಾಲ್ಕು ಎಲೆ. ಅಜ್ಜ ನೋಡದೆಯೇ, "ಅದು ಬೇಡ" ಎಂದರು.

"ಅಜ್ಜ, ತಡವಾಗಿ ಬಂತು ಅಂತ ಅದಕ್ಕೆ ಒಮ್ಮೆ ಅಂಕ ಕಡಿಮೆ ಕೊಟ್ಟಾಯಿತಲ್ಲ. ಈಗ ಸಣ್ಣದಿದೆ ಅಂತ ಇನ್ನೊಮ್ಮೆ ಯಾಕೆ? ಹನ್ನೊಂದಕ್ಕೆ ಹತ್ತು ತಿಂಗಳಾಯಿತು, ಇದಕ್ಕೆ ಏಳೇ ತಿಂಗಳು. ಸಣ್ಣದಿರದೆ ಹೇಗಿರುತ್ತದೆ?"

ಒಂದೇ ಅಪರಾಧಕ್ಕೆ ಯಾರನ್ನೂ ಎರಡು ಬಾರಿ ಶಿಕ್ಷಿಸಬಾರದೆಂದು ನಮ್ಮ ಸಂವಿಧಾನದ 20ನೆಯ ವಿಧಿ ಹೇಳುತ್ತದೆ. ಆ ಹುಡುಗಿಗೆ ಅದು ಪಾಠವಾಗಿರಲಿಲ್ಲ. ಆದರೂ ವಾದ ಅಚ್ಚುಕಟ್ಟಾಗಿ ಅಲ್ಲಿಗೇ ಹೋಗಿ ಮುಟ್ಟಿತು. ಅವಳ ಬಳಿ ಇನ್ನೊಂದು ಸಾಕ್ಷಿಯೂ ಇತ್ತು. ಅಕ್ಟೋಬರದಲ್ಲಿ ಒಡೆದ ಆ ಆರನೆಯ ಕಾಯಿಯನ್ನು ಅವಳು ಮರೆತಿರಲಿಲ್ಲ. ಒಳಗಿನ ಮೊಳಕೆ ಗಟ್ಟಿಯಾಗಿತ್ತು, ಸಿಪ್ಪೆ ದಪ್ಪವಾಗಿದ್ದದ್ದೇ ತಡಕ್ಕೆ ಕಾರಣ. ಹದಿನೇಳರದ್ದೂ ಹಾಗೆಯೇ ಆಗಿದ್ದರೆ?

ಅಜ್ಜ ಸಿಟ್ಟಾಗಲಿಲ್ಲ. ಆಗಿರಲೂಬಹುದು ಎಂದರು. ಸಿಪ್ಪೆಯ ದಪ್ಪವೂ ಮೊಳಕೆಯನ್ನು ತಡ ಮಾಡುತ್ತದೆ ಎಂಬುದು ನಿಜವೇ. ಆದರೆ ನಿಯಮ ಒಂದು ಸಸಿಯ ಕುರಿತದ್ದಲ್ಲ, ನೂರರ ಕುರಿತದ್ದು. ತಡವಾಗಿ ಮೊಳೆತ ನೂರು ಸಸಿಗಳನ್ನೂ ಬೇಗ ಮೊಳೆತ ನೂರು ಸಸಿಗಳನ್ನೂ ನೆಟ್ಟು ವರ್ಷಗಟ್ಟಲೆ ಕಾದು ನೋಡಿದರೆ, ಬೇಗ ಮೊಳೆತವುಗಳಲ್ಲಿ ಬೇಗ ಹೊಂಬಾಳೆ ಬಿಡುವವೂ ಹೆಚ್ಚು ಕಾಯಿ ಕೊಡುವವೂ ಹೆಚ್ಚಾಗಿರುತ್ತವೆ. ತಡವಾದ ನೂರರಲ್ಲಿ ಒಳ್ಳೆಯದು ಇಲ್ಲವೆಂದಲ್ಲ, ಅದು ಯಾವುದು ಎಂದು ಇಂದು ಹೇಳಲಾಗದು. ಇಲ್ಲಿ ನ್ಯಾಯಾಲಯಕ್ಕೂ ನರ್ಸರಿಗೂ ದಾರಿ ಬೇರೆಯಾಗುತ್ತದೆ. ನೂರು ಮಂದಿ ಅಪರಾಧಿಗಳು ಪಾರಾದರೂ ಒಬ್ಬ ನಿರಪರಾಧಿಗೆ ಶಿಕ್ಷೆಯಾಗಬಾರದು ಎಂಬುದು ನ್ಯಾಯಾಲಯದ ಧರ್ಮ. ಸಂಶಯದ ಲಾಭ ಆರೋಪಿಗೆ. ನರ್ಸರಿಯಲ್ಲಿ ಸಂಶಯದ ಲಾಭ ಸಸಿಗೆ ಸಿಕ್ಕುವುದಿಲ್ಲ, ಗುಂಡಿ ತೋಡಿದವನಿಗೆ ಸಿಕ್ಕುತ್ತದೆ. ಹಾಗಾಗದಿದ್ದರೆ ಅರವತ್ತು ವರ್ಷ ದಂಡ ತೆರುವವನು ಅವನೇ. ಇದರಲ್ಲಿ ಅನ್ಯಾಯವಿಲ್ಲ ಎಂದು ಹೇಳಲು ಸಾಧ್ಯವಿಲ್ಲ, ಬೇರೆ ದಾರಿಯೂ ಕಾಣಿಸುವುದಿಲ್ಲ.

ಆದರೂ ಹುಡುಗಿಯ ಮೊದಲ ವಾದಕ್ಕೆ ಅಜ್ಜನ ಬಳಿ ಉತ್ತರವಿರಲಿಲ್ಲ. ಅದನ್ನು ಅವರು ಒಪ್ಪಿಕೊಂಡರು. ಏಳು ತಿಂಗಳ ಸಸಿಯನ್ನು ಹತ್ತು ತಿಂಗಳದರ ಜೊತೆಗೆ ನಿಲ್ಲಿಸಿ ಅಳೆದದ್ದು ತಪ್ಪು ಎಂದರು. ಹದಿನೇಳನ್ನು ಬೇರು ನೋಯದಂತೆ ಎತ್ತಿ ದೊಡ್ಡ ಪಾಲಿಥೀನ್ ಚೀಲಕ್ಕೆ ತುಂಬಿ, ಅದಕ್ಕೂ ಹತ್ತು ತಿಂಗಳು ತುಂಬಿದ ಮೇಲೆ ಮತ್ತೆ ಅಳೆಯುವುದು ಎಂದು ತೀರ್ಮಾನವಾಯಿತು.

ಒಟ್ಟಿನಲ್ಲಿ ಪರೀಕ್ಷೆ ದಾಟಿದವು ಹನ್ನೆರಡು. ನೂರು ಬೀಜಕ್ಕೆ ಅರವತ್ತರಿಂದ ಅರವತ್ತೈದು ಉತ್ತಮ ಸಸಿ ಸಿಕ್ಕಬೇಕೆಂದು ಪುಸ್ತಕದ ಲೆಕ್ಕ. ಮೂವತ್ತಕ್ಕೆ ಹನ್ನೆರಡೆಂದರೆ ಕಡಿಮೆಯೇ. ಹಲಸಿನ ನೆರಳು ತನ್ನ ಪಾಲು ತೆಗೆದುಕೊಂಡಿತ್ತು. ಹನ್ನೊಂದು, ಇಪ್ಪತ್ತಮೂರು ಇವೆರಡನ್ನು ಮನೆಯ ಗುಂಡಿಗಳಿಗೆ ಇಳಿಸಲಾಯಿತು; ಅಡುಗೆಮನೆಯ ಬದಿಯದಕ್ಕೆ ಕೂಡ್ಲಿನ ಚಂದ್ರಸಂಕರ. ಉಳಿದ ಹತ್ತರಲ್ಲಿ ಮೂರು ಬದಿಯಡ್ಕದ ತಂಗಿಯ ಮನೆಗೆ, ಮೂರು ಎಡನೀರಿಗೆ, ನಾಲ್ಕು ರಸ್ತೆಗೆ ಮರ ಕಳೆದುಕೊಂಡಿದ್ದ ನೆರೆಮನೆಗಳಿಗೆ ಹೋದವು. ಕೊಡುವಾಗ ಅಜ್ಜ ಒಂದೊಂದರ ಅಳತೆಯನ್ನೂ ಚೀಟಿಯಲ್ಲಿ ಬರೆಸಿ ಕೊಟ್ಟರು. ಎರಡನೆಯ ಸಂಖ್ಯೆಯ ಸಸಿ ಆಚೆ ಮನೆಯ ಬ್ಯಾರಿ ಅಜ್ಜಿಗೆ ಸಿಕ್ಕಿತು. ನಮ್ಮಜ್ಜಿಯ ಮರದ ಬೊಂಡವನ್ನು ಬಾಣಂತನದಲ್ಲಿ ಕುಡಿದವರು ಅವರು.

ತೇರ್ಗಡೆಯಾಗದ ಸಸಿಗಳನ್ನೂ ಕೇಳಿಕೊಂಡು ಬಂದವರಿದ್ದರು. ಪುಕ್ಕಟೆ ಸಿಕ್ಕಿದರೆ ಸಾಕು, ಎಲ್ಲಿಯಾದರೂ ನೆಡುತ್ತೇವೆ ಎಂದರು. ಅಜ್ಜ ಕೊಡಲಿಲ್ಲ. ತನ್ನ ಗುಂಡಿಗೆ ಬೇಡವೆಂದು ಕಂಡದ್ದನ್ನು ಇನ್ನೊಬ್ಬನ ಗುಂಡಿಗೆ ದಾಟಿಸುವುದು ಅವರ ಪ್ರಕಾರ ದಾನವಲ್ಲ. ಈ ವಿಷಯದಲ್ಲಿ ಅವರ ನಿಷ್ಠುರತೆ ನೆರೆಕರೆಯಲ್ಲಿ ಸ್ವಲ್ಪ ಮುನಿಸಿಗೂ ಕಾರಣವಾಯಿತು. ಒಂಬತ್ತು ಸಸಿಗಳನ್ನು ಕತ್ತರಿಸಿ ಹೊಸ ಗುಂಡಿಗಳ ಸುತ್ತ ಮುಚ್ಚಿಗೆ ಹಾಕಿದರು. ಐದನೆಯದನ್ನು ಕತ್ತರಿಸುವ ಹೊತ್ತಿಗೆ ಕತ್ತಿಯನ್ನು ಮಗನ ಕೈಗೆ ಕೊಟ್ಟು ಕೈ ತೊಳೆಯಲು ಬಾವಿಕಟ್ಟೆಗೆ ಹೋದರು.

ಆಗಸ್ಟ್ ಕೊನೆಗೆ ಹದಿನೇಳಕ್ಕೆ ಹತ್ತು ತಿಂಗಳು ತುಂಬಿತು. ಅಜ್ಜನೂ ಮೊಮ್ಮಗಳೂ ಚೀಲದ ಎದುರು ಕುಳಿತು ಅಳೆದರು. ಕತ್ತು ಒಂಬತ್ತೂವರೆ. ಎಲೆ ಐದು, ಆರನೆಯದು ಕುಡಿಯಲ್ಲಿದೆ. ಸೀಳಿದ್ದು ಯಾವುದೂ ಇಲ್ಲ. ಹುಡುಗಿ ಅಳತೆಯನ್ನು ಪುಸ್ತಕದಲ್ಲಿ ಬರೆದಳು. ತೀರ್ಪಿನ ಅಂಕಣಕ್ಕೆ ಏನು ಬರೆಯಲೆಂದು ಅಜ್ಜನ ಮುಖ ನೋಡಿದಳು. ಅಜ್ಜ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಚೀಲ ಈಗಲೂ ಬಾವಿಕಟ್ಟೆಯ ಬದಿಯಲ್ಲಿದೆ. ಬೇರು ಪಾಲಿಥೀನನ್ನು ತೂತು ಮಾಡಿ ನೆಲಕ್ಕೆ ಇಳಿಯತೊಡಗಿದೆ. ಅಲ್ಲಿ ಮರವಾದರೆ ಬಾವಿಯ ಕಲ್ಲು ಸಡಿಲವಾದೀತೆಂದು ಮಗ ಎರಡು ಬಾರಿ ಹೇಳಿದ್ದಾನೆ. ಮುಂದಿನ ಪತ್ತನಾಜೆಯವರೆಗೆ ಇರಲಿ ಎಂದು ಸೊಸೆ ಹೇಳಿ, ಪಾತ್ರೆ ತೊಳೆದ ನೀರನ್ನು ಆ ಕಡೆಗೇ ಚೆಲ್ಲುತ್ತಾರೆ.